ಮಳೆಗೆ ಮೊದಲು ಅಳೆದ ಗವಿಗಳು

ಖಾಸಿ ಬೆಟ್ಟದ ಹಿಂದಿನ ಕಾಲದ ಜನ ದಾರಿಯ ದೂರವನ್ನು ಎಲೆ-ಅಡಿಕೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಮುಂದಿನ ಊರು ಎಷ್ಟು ದೂರ ಎಂದು ಕೇಳಿದರೆ ಇಷ್ಟು ಅಡಿಕೆಯ ದೂರ ಎಂಬ ಉತ್ತರ ಬರುತ್ತಿತ್ತು. ನಡೆಯುತ್ತ ನಡೆಯುತ್ತ ಅಷ್ಟು ಬಾಯಿ ಅಡಿಕೆ ಜಗಿದು ಮುಗಿಸುವಷ್ಟು ಹಾದಿ ಎಂದು ಅದರ ಲೆಕ್ಕ. ಗರ್ಡನ್ ಎಂಬ ಬ್ರಿಟಿಷ್ ಅಧಿಕಾರಿ 1907ರಲ್ಲಿ ಖಾಸಿ ಜನರ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಖಾನಾಪುರ ತಾಲೂಕಿನ ಸರ್ವೇಯರನ ಮಗನಾಗಿ ಸರಪಳಿ, ಬಾಂದುಕಲ್ಲು, ಹದ್ದುಬಸ್ತು ಎಂಬ ಮಾತುಗಳ ನಡುವೆಯೇ ಬೆಳೆದ ನನಗೆ ಆ ಅಳತೆ ತುಂಬ ಹಿಡಿಸಿತು. ಏರಿನಲ್ಲಿ ಮೈಲಿ ಬೆಳೆಯುತ್ತದೆ, ಇಳಿಜಾರಿನಲ್ಲಿ ಕುಗ್ಗುತ್ತದೆ. ಕಾಗದದ ಮೇಲಿನ ಮೈಲಿಗೆ ತಿಳಿಯದ ಈ ಸಂಗತಿ ಅಡಿಕೆಗೆ ತಿಳಿದಿರುತ್ತದೆ.

ಅಪ್ಪನ ಹಾಗೆ ನಾನೂ ಸರ್ವೇಯರನಾದೆ. ಮೇಘಾಲಯದ ಜೋವಾಯಿಯಿಂದ ಅಸ್ಸಾಂ ಗಡಿಯ ರಾತಾಚೆರಾದ ಕಡೆಗೆ ಇಳಿಯುವ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನನ್ನನ್ನು ಜೈಂತಿಯಾ ಬೆಟ್ಟಗಳಿಗೆ ಒಯ್ದಿತು. ಎಲೆ, ಅಡಿಕೆ, ಸುಣ್ಣ ಇಲ್ಲದೆ ಅಲ್ಲಿ ಯಾರ ಮನೆಯಲ್ಲೂ ಮಾತು ಶುರುವಾಗುವುದಿಲ್ಲ. ನಮ್ಮ ಕಡೆಯೂ ಹಾಗೆಯೇ ಆದ್ದರಿಂದ ಆ ನಾಡು ನನಗೆ ಮೊದಲ ವಾರದಿಂದಲೇ ಪರದೇಶ ಅನ್ನಿಸಲಿಲ್ಲ. ಆ ಎಲೆಗೆ ಸವರುವ ಸುಣ್ಣದ ಕಲ್ಲೇ ಅಲ್ಲಿನ ಗವಿಗಳ ತಾಯಿ. ಭಾರತದ ಅತಿ ಉದ್ದದ ಗವಿಗಳೆಲ್ಲ ಇರುವುದು ಈ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳಲ್ಲಿ. ಅವುಗಳನ್ನು ಯಾರು ಹೊಕ್ಕರು, ಯಾರು ಮುಚ್ಚಿದರು, ಯಾರು ಅಳೆದರು ಎಂಬ ಚರಿತ್ರೆಯನ್ನು ನಾನು ಕೇಳಿದ್ದು, ಓದಿದ್ದು, ಸ್ವಲ್ಪ ಮಟ್ಟಿಗೆ ಟೇಪು ಹಿಡಿದು ಕಂಡದ್ದು ಸೇರಿಸಿ ಬರೆಯುತ್ತಿದ್ದೇನೆ.

ಆ ಸುಣ್ಣಕ್ಕೆ ಅಡಿಕೆಯಿಂದಾಚೆಗೂ ಒಂದು ಚರಿತ್ರೆಯಿದೆ. 18ನೇ ಶತಮಾನದ ಕೊನೆಯ ದಶಕಗಳಲ್ಲಿ ಸಿಲ್ಹೆಟ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ರಾಬರ್ಟ್ ಲಿಂಡ್ಸೆ ಖಾಸಿ ಬೆಟ್ಟದ ಬುಡದ ಸುಣ್ಣಕಲ್ಲಿನ ವ್ಯಾಪಾರ ಹಿಡಿದು ಭಾರಿ ಹಣ ಮಾಡಿದ. ಸಿಲ್ಹೆಟ್ ಆಗ ಕಂದಾಯವನ್ನು ಕವಡೆಗಳಲ್ಲಿ ಕಟ್ಟುತ್ತಿದ್ದ ಸೀಮೆ. ಕಲ್ಲು ಬೆಟ್ಟದಿಂದ ಇಳಿದು, ಸುಟ್ಟು ಸುಣ್ಣವಾಗಿ, ಸುರ್ಮಾ ನದಿಯ ದೋಣಿಗಳಲ್ಲಿ ಬಂಗಾಳಕ್ಕೆ ಹೋಗುತ್ತಿತ್ತು. ಹಳೆಯ ಕಲ್ಕತ್ತೆಯ ಕಟ್ಟಡಗಳ ಗಾರೆಯಲ್ಲಿ ಈ ಬೆಟ್ಟದ ಪಾಲಿದೆ. ಗವಿಗಳನ್ನು ಕುತೂಹಲದಿಂದ ಹೊಕ್ಕವರಿಗಿಂತ ಬಹಳ ಮೊದಲೇ ಅವುಗಳ ಕಲ್ಲಿಗೆ ಬೆಲೆ ಕಟ್ಟಿದವರು ಬಂದಿದ್ದರು ಎಂಬುದನ್ನು ನೆನಪಿಡಬೇಕು. ಗವಿಗೂ ಗಣಿಗೂ ನಡುವಿನ ಇಂದಿನ ಜಗಳದ ಬೇರು ಅಲ್ಲಿಯೇ ಇದೆ.

ಗವಿ ಹುಟ್ಟುವ ಬಗೆ ಸರಳ. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸಿ ಒಯ್ಯುತ್ತದೆ. ಮಳೆ ಹೆಚ್ಚಿದಷ್ಟೂ ಕೆಲಸ ಹೆಚ್ಚು. ಈ ಬೆಟ್ಟಗಳ ದಕ್ಷಿಣದ ಅಂಚಿನಲ್ಲಿರುವ ಸೋಹ್ರಾ, ಅಂದರೆ ನಮ್ಮ ಶಾಲೆಯ ಪಾಠದ ಚಿರಾಪುಂಜಿ, 1995ರ ಜೂನ್ 15 ಮತ್ತು 16ರಂದು 48 ಗಂಟೆಗಳಲ್ಲಿ 2,493 ಮಿಲಿಮೀಟರ್ ಮಳೆ ಕಂಡಿತು. ಅಷ್ಟು ಹೊತ್ತಿನಲ್ಲಿ ಜಗತ್ತಿನ ಬೇರೆ ಯಾವ ಕಡೆಯೂ ಅಷ್ಟು ಮಳೆ ದಾಖಲಾಗಿಲ್ಲ. ಬೆಳಗಾವಿ ನಗರಕ್ಕೆ ಹೆಚ್ಚುಕಡಿಮೆ ಎರಡು ವರ್ಷಕ್ಕೆ ಬೀಳುವ ಮಳೆ ಅಲ್ಲಿ ಎರಡು ದಿನಕ್ಕೆ ಬಿತ್ತು. ಆ ನೀರೆಲ್ಲ ಎಲ್ಲಿ ಹೋಯಿತು ಎಂದು ಕೇಳಿದರೆ, ದೊಡ್ಡ ಪಾಲು ಬೆಟ್ಟದ ಹೊಟ್ಟೆಯೊಳಗೆ ಎನ್ನಬೇಕು.

ವಿಜ್ಞಾನಕ್ಕಾಗಿಯೇ ಈ ಹೊಟ್ಟೆಯೊಳಗೆ ಹೊಕ್ಕವರಲ್ಲಿ ಮುಖ್ಯರು ಜೂವಾಲಾಜಿಕಲ್ ಸರ್ವೆಯ ಸ್ಟ್ಯಾನ್ಲಿ ಕೆಂಪ್ ಮತ್ತು ಬಿ. ಚೋಪ್ರಾ. 1922ರಲ್ಲಿ ಅವರು ಗಾರೋ ಬೆಟ್ಟಗಳಲ್ಲಿ ಸಿಮ್ಸಾಂಗ್ ನದಿಯ ದಂಡೆಗಿರುವ ಸಿಜು ಗವಿಗೆ ಹೋದರು. ಗಾರೋ ಜನ ಅದನ್ನು ದೊಬಕ್ಕೋಲ್ ಎನ್ನುತ್ತಾರೆ, ಬಾವಲಿಗಳ ಗವಿ. ಬಾಗಿಲ ಬೆಳಕು ಎಲ್ಲಿಯವರೆಗೆ ಹೋಗುತ್ತದೆ, ಅದರಾಚೆಗೆ ಯಾವ ಜೀವಿ, ಪೂರ್ತಿ ಕತ್ತಲಲ್ಲಿ ಯಾವುದು ಎಂದು ಅವರು ಹಂತ ಹಂತವಾಗಿ ನೋಡಿದರು. ಜೇಡ, ಜಿರಲೆ, ಸೀಗಡಿ, ಮೀನು ಎಲ್ಲವನ್ನೂ ಬರೆದಿಟ್ಟರು. ನೂರರಷ್ಟು ಬಗೆಯ ಜೀವಿಗಳ ಆ ಪಟ್ಟಿ 1924ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ದಾಖಲೆಗಳಲ್ಲಿ ಅಚ್ಚಾಯಿತು. ಭಾರತದ ಒಂದು ಗವಿಯ ಜೀವಲೋಕವನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೇ ಮೊದಲು. ಕೆಂಪ್ ಆಮೇಲೆ ದಕ್ಷಿಣ ಸಾಗರದ ಡಿಸ್ಕವರಿ ಸಂಶೋಧನೆಯ ಮುಖ್ಯಸ್ಥನಾಗಿ ಅಂಟಾರ್ಕ್ಟಿಕಾದ ಕಡೆಗೆ ಹೊರಟ. ಅವನು ಬಿಟ್ಟುಹೋದ ಕೆಲಸವನ್ನು ದಶಕಗಳ ಕಾಲ ಯಾರೂ ಕೈಗೆತ್ತಿಕೊಳ್ಳಲಿಲ್ಲ. ಊರವರು ಮಾತ್ರ ಎಂದಿನಂತೆ ತಮ್ಮ ಗವಿಗಳಿಗೆ ಹೋಗಿಬರುತ್ತಿದ್ದರು. ಮೀನಿಗೆ, ನೀರಿಗೆ, ಪೂಜೆಗೆ.

ಕೆಲಸ ಮತ್ತೆ ಶುರುವಾದದ್ದು 1990ರ ದಶಕದಲ್ಲಿ. ಶಿಲ್ಲಾಂಗಿನ ಬ್ರಯನ್ ಖರ್‌ಪ್ರಾನ್ ಡಾಲಿ ಮತ್ತು ಗೆಳೆಯರು ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್ ಕಟ್ಟಿದರು. 1992ರಲ್ಲಿ ಬ್ರಿಟನ್ನಿನ ಗವಿ ಶೋಧಕರು ಬಂದರು. ಅಲ್ಲಿಂದಾಚೆಗೆ ಬೇಸಗೆಯ ಬಾಗಿಲಲ್ಲಿ, ಫೆಬ್ರುವರಿ–ಮಾರ್ಚ್ ಹೊತ್ತಿಗೆ, ಹಲವು ದೇಶಗಳ ಜನ ಸೇರಿ ಅಳೆಯುವುದು ಒಂದು ಪದ್ಧತಿಯಾಯಿತು. ಒಂದು ಸಾವಿರಕ್ಕೂ ಹೆಚ್ಚು ಗವಿಗಳನ್ನು ನೋಡಿ, ಸುಮಾರು 500 ಕಿಲೋಮೀಟರ್ ಒಳದಾರಿಯನ್ನು ಅವರು ನಕ್ಷೆಗೆ ಇಳಿಸಿದ್ದಾರೆ. ಜೈಂತಿಯಾ ಬೆಟ್ಟಗಳ ಶ್ನೋಂಗ್ರಿಮ್ ದಿಣ್ಣೆಯ ಕೆಳಗಿನ ಕ್ರೆಮ್ ಲಿಯಾತ್ ಪ್ರಾಹ್ ಒಂದೇ ಸುಮಾರು 31 ಕಿಲೋಮೀಟರ್. ಕ್ರೆಮ್ ಎಂದರೆ ಗವಿ. ಅದರ ಒಂದು ಭಾಗಕ್ಕೆ ಶೋಧಕರು 'ವಿಮಾನದ ಶೆಡ್ಡು' ಎಂಬರ್ಥದ ಹೆಸರಿಟ್ಟಿದ್ದಾರೆ. ಮೌಸಿನ್‌ರಾಮ್ ಹತ್ತಿರದ ಕ್ರೆಮ್ ಪುರಿ ಸುಣ್ಣಕಲ್ಲಿನದಲ್ಲ, ಮರಳುಗಲ್ಲಿನದು. 24,583 ಮೀಟರ್ ಉದ್ದವೆಂದು 2018ರಲ್ಲಿ ಅಳತೆ ಮುಗಿದಾಗ ಅದು ಮರಳುಗಲ್ಲಿನ ಗವಿಗಳಲ್ಲಿ ಜಗತ್ತಿಗೇ ಉದ್ದವಾದದ್ದು ಎಂದು ತಿಳಿಯಿತು.

ಈ ಅಂಕಿಗಳ ಹಿಂದಿನ ದುಡಿಮೆಯನ್ನು ನಾನು ಹತ್ತಿರದಿಂದ ಕಂಡೆ. ಹೆದ್ದಾರಿಯ ಕೆಲಸಕ್ಕೆ ರಜೆ ಇದ್ದ ದಿನಗಳಲ್ಲಿ ಟೇಪು ಹಿಡಿಯಲು ಜನ ಬೇಕೆಂದಾಗ ಹೋಗುತ್ತಿದ್ದೆ. ಹೊಲ ಅಳೆಯುವವನಿಗೆ ಆಕಾಶ ಕಾಣುತ್ತದೆ, ದೂರದ ಮರವೊಂದು ಗುರುತಿಗೆ ಸಿಗುತ್ತದೆ. ಗವಿಯಲ್ಲಿ ಗುರುತು ಎಂದರೆ ಗೋಡೆಯ ಮೇಲೆ ಮುಂದಿನವನು ಬೆರಳಿಟ್ಟು ತೋರಿಸಿದ ಒಂದು ಚುಕ್ಕೆ ಅಷ್ಟೆ. ಅವನು ಆ ಚುಕ್ಕೆಯ ಮೇಲೆ ದೀಪ ಹಿಡಿಯುತ್ತಾನೆ. ಹಿಂದಿನವನು ತನ್ನ ಚುಕ್ಕೆಯಿಂದ ಅದಕ್ಕೆ ಟೇಪು ಎಳೆದು ದೂರ ಹೇಳುತ್ತಾನೆ, ದಿಕ್ಸೂಚಿಯಲ್ಲಿ ಕೋನ ಹೇಳುತ್ತಾನೆ, ಏರಿಳಿತ ತೋರಿಸುವ ಸಣ್ಣ ಉಪಕರಣದಲ್ಲಿ ವಾಲು ಎಷ್ಟು ಎಂದು ಹೇಳುತ್ತಾನೆ. ಮೂರನೆಯವರು ಬರೆದುಕೊಳ್ಳುತ್ತಾರೆ, ಎಡಗೋಡೆಗೆ ಎಷ್ಟು, ಬಲಗೋಡೆಗೆ ಎಷ್ಟು, ಮೇಲೆ ಎಷ್ಟು, ಕೆಳಗೆ ಎಷ್ಟು ಎಂಬುದನ್ನೂ ಸೇರಿಸಿ. ಒಂದು ಅಳತೆ ಮುಗಿದರೆ ಮುಂದಿನ ಚುಕ್ಕೆ. ನೀರು ಸೊಂಟದವರೆಗೆ ಇರುತ್ತದೆ. ಓದಿದ ಅಂಕಿಯನ್ನು ಬರೆಯುವವರು ಗಟ್ಟಿಯಾಗಿ ತಿರುಗಿ ಹೇಳಲೇಬೇಕು, ಏಕೆಂದರೆ ನೀರಿನ ಸದ್ದಿನಲ್ಲಿ ಹದಿಮೂರು ಮೂವತ್ತಾಗಿಬಿಡುತ್ತದೆ. ಇತ್ತೀಚೆಗೆ ಲೇಸರ್ ಉಪಕರಣ ಬಂದು ಟೇಪಿನ ಶ್ರಮ ತಪ್ಪಿದೆ. ನಕ್ಷೆ ಬಿಡಿಸುವವರ ಶ್ರಮ ತಪ್ಪಿಲ್ಲ. ನೀರಿಗೆ ಅಳಿಯದ ಕಾಗದದ ಮೇಲೆ ಪೆನ್ಸಿಲು ಹಿಡಿದು ನಿಂತವರು ಅವರು. ಉಳಿದವರು ಮುಂದೆ ಹೋಗಿ ಮೈ ಬೆಚ್ಚಗೆ ಮಾಡಿಕೊಳ್ಳಬಹುದು, ಅವರು ತಣ್ಣೀರಿನಲ್ಲೇ ನಿಂತು ಬಂಡೆಯೊಂದರ ಆಕಾರ ಸರಿಯಾಗುವವರೆಗೆ ಬರೆಯುತ್ತಿರುತ್ತಾರೆ. ನಾನು ಕಂಡ ಅತ್ಯಂತ ತಾಳ್ಮೆಯ ಸರ್ವೇಯರುಗಳು ಇವರೇ. ಬಹುಪಾಲು ಜನ ಇದಕ್ಕೆ ಸಂಬಳ ಪಡೆಯುವವರಲ್ಲ. ತಮ್ಮ ರಜೆ ಹಾಕಿ, ತಮ್ಮ ಹಣ ಹಾಕಿ ಬಂದವರು.

ಒಮ್ಮೆ ಹೀಗೆ ಅಳೆಯುತ್ತಿದ್ದಾಗ ಹಿರಿಯರೊಬ್ಬರು ನನ್ನ ಹೆಗಲು ತಟ್ಟಿ ದೀಪವನ್ನು ಮೇಲೆ ಎತ್ತುವಂತೆ ಹೇಳಿದರು. ತಲೆಯಿಂದ ಎರಡು ಆಳು ಎತ್ತರದಲ್ಲಿ, ಚಾವಣಿಯ ಸೀಳಿನಲ್ಲಿ, ಒಣಗಿದ ಬಿದಿರಿನ ಗಳುವೊಂದು ಅಡ್ಡಡ್ಡ ಸಿಕ್ಕಿಕೊಂಡಿತ್ತು. ಅದರ ಮೇಲೆ ಎಲೆ, ಕಡ್ಡಿ, ಪ್ಲಾಸ್ಟಿಕ್ ಚೀಲದ ತುಂಡು. ಯಾರೂ ಅದನ್ನು ಅಲ್ಲಿ ಇಟ್ಟಿರಲಿಲ್ಲ. ಹಿಂದಿನ ಮಳೆಗಾಲದ ನೆರೆ ಅಷ್ಟು ಎತ್ತರಕ್ಕೆ ಏರಿತ್ತು. ಬೆಟ್ಟದ ಮೇಲೆ ಎಲ್ಲೋ ಬಿದ್ದ ಮಳೆ ಕೆಳಗೆ ನಾವಿದ್ದ ಜಾಗಕ್ಕೆ ಬರಲು ಹೆಚ್ಚು ಹೊತ್ತು ಬೇಕಿಲ್ಲ, ಒಳಗಿದ್ದವರಿಗೆ ಮೋಡ ಕಾಣುವುದೂ ಇಲ್ಲ. ಅವರು ಬಿದಿರಿನ ಎತ್ತರವನ್ನೂ ಅಳೆದು ನಕ್ಷೆಯಲ್ಲಿ ಗುರುತು ಹಾಕಿಸಿದರು. ಗವಿ ಹೊಕ್ಕವರ ಕಟ್ಟುಪಾಡುಗಳೆಲ್ಲ ಇಂಥ ಬಿದಿರಿನಿಂದ ಕಲಿತವು. ಒಬ್ಬೊಬ್ಬರ ಬಳಿಯೂ ಒಂದಕ್ಕಿಂತ ಹೆಚ್ಚು ದೀಪ. ಒಬ್ಬರೇ ಹೋಗುವಂತಿಲ್ಲ. ಹೊರಗೆ ಇರುವವರಿಗೆ ಇಂಥ ಹೊತ್ತಿಗೆ ಬರುತ್ತೇವೆ ಎಂದು ಹೇಳಿಯೇ ಒಳಗೆ ಕಾಲಿಡಬೇಕು. ಆ ಹೊತ್ತು ಮೀರಿದರೆ ಹುಡುಕಲು ಹೊರಡಬೇಕು. ಬಾವಲಿಯ ಹಿಕ್ಕೆ ಒಣಗಿ ಧೂಳಾಗಿರುವ ಕಡೆ ಮೂಗು ಬಾಯಿ ಮುಚ್ಚಿಕೊಳ್ಳಬೇಕು, ಆ ಧೂಳಿನ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿದರೆ ಕಾಯಿಲೆ. ಮುಂಗಾರಿಗೆ ಮೊದಲಿನ ಗುಡುಗು ಮಳೆ ಶುರುವಾಯಿತೆಂದರೆ ಗಂಟುಮೂಟೆ ಕಟ್ಟಿ ಮನೆಗೆ ಹೊರಡಬೇಕು. ಗವಿಗೆ ಬೀಗ ಹಾಕುವವರಲ್ಲಿ ಮೊದಲನೆಯದು ಮಳೆ, ಆ ಬೀಗವನ್ನು ಇದುವರೆಗೆ ಯಾವ ಶೋಧಕನೂ ಪ್ರಶ್ನಿಸಿಲ್ಲ.

ಎರಡನೆಯ ಬೀಗ ಊರಿನದು. ಸಂವಿಧಾನದ ಆರನೆಯ ಅನುಸೂಚಿಯ ಈ ಬೆಟ್ಟಗಳಲ್ಲಿ ನೆಲದ ಬಹುಪಾಲು ಸರ್ಕಾರದ್ದಲ್ಲ. ಕುಲದ್ದು, ಊರಿನದು, ಮನೆಯವರದು. ಗವಿಯ ಬಾಯಿ ಕಾಣಬೇಕಾದರೆ ಮೊದಲು ಊರ ಮುಖ್ಯಸ್ಥನನ್ನು ಕಾಣಬೇಕು. ಖಾಸಿ ಊರಿನಲ್ಲಿ ಅವನು ರಂಗ್‌ಬಾಹ್ ಶ್ನೋಂಗ್, ಜೈಂತಿಯಾ ಕಡೆ ವಾಹೆ ಶ್ನೋಂಗ್. ಅವನು ನಮ್ಮ ಕೋರಿಕೆಯನ್ನು ದರ್ಬಾರಿನಲ್ಲಿ, ಅಂದರೆ ಊರ ಸಭೆಯಲ್ಲಿ, ಹಿರಿಯರ ಮುಂದೆ ಇಡುತ್ತಾನೆ. ಕೆಲವು ಗವಿಗಳ ಮೇಲೆ ದೇವರ ಹಕ್ಕಿದೆ. ಖಾಸಿಗಳ ಹಳೆಯ ಕಥೆಯೊಂದರಲ್ಲಿ ಪ್ರಾಣಿಗಳ ನಾಟ್ಯದ ಹಬ್ಬದಲ್ಲಿ ಅವಮಾನಗೊಂಡ ಸೂರ್ಯ – ಅವರಿಗೆ ಸೂರ್ಯ ಹೆಣ್ಣು – ಕ್ರೆಮ್ ಲಾಮೆತ್ ಲಾತಾಂಗ್ ಎಂಬ ಗವಿಯಲ್ಲಿ ಅಡಗಿ ಕೂರುತ್ತಾಳೆ. ಲೋಕ ಕತ್ತಲಾಗುತ್ತದೆ. ಕೊನೆಗೆ ಹುಂಜ ಹೋಗಿ ಬೇಡಿಕೊಂಡು ಅವಳನ್ನು ಹೊರಗೆ ಕರೆತರುತ್ತದೆ. ಇಂಥ ಕಥೆಯ ನಾಡಿನಲ್ಲಿ ಗವಿಗೆ ಬೂಟುಗಾಲಲ್ಲಿ ಹೋಗುವವರು ಕೇಳಿ ಹೋಗುವುದು ನ್ಯಾಯವೇ.

ಆದರೆ ದರ್ಬಾರು ಬೇಡವೆಂದದ್ದು ದೇವರ ಕಾರಣಕ್ಕೆ ಮಾತ್ರ ಅಲ್ಲ. ಒಂದು ಊರಿನಲ್ಲಿ ನಮಗೆ ಚಹಾ ಕೊಟ್ಟು, ಅಡಿಕೆ ಕೊಟ್ಟು, ಗವಿಗೆ ಹೋಗಬೇಡಿ ಎಂದರು. ಹಿರಿಯರೊಬ್ಬರು ಕಾರಣವನ್ನು ಬಿಡಿಸಿ ಹೇಳಿದರು. ನೀವು ಅಳೆದು ಹೋಗುತ್ತೀರಿ. ನಾಳೆ ಸರ್ಕಾರದವರು ಆ ನಕ್ಷೆ ಹಿಡಿದು ಬಂದು ಇಲ್ಲಿ ಕಲ್ಲು ತೆಗೆಯಬೇಡಿ ಎನ್ನುತ್ತಾರೆ. ನಾಡಿದ್ದು ಕಂಪನಿಯವರು ಅದೇ ನಕ್ಷೆ ಹಿಡಿದು ಬಂದು ಕಲ್ಲು ಇಲ್ಲೇ ಇದೆ, ಮಾರಿ ಎನ್ನುತ್ತಾರೆ. ಎರಡು ಸಲವೂ ಹೋಗುವುದು ನಮ್ಮ ನೆಲ. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಅವರ ಮಾತಿನಲ್ಲಿ ಸರ್ವೇಯರನಿಗೆ ಮಾತ್ರ ಪೂರ್ತಿ ಅರ್ಥವಾಗುವ ಇನ್ನೊಂದು ತೊಡಕೂ ಇತ್ತು. ಗವಿಯ ಬಾಯಿ ಒಂದು ಕುಲದ ನೆಲದಲ್ಲಿರುತ್ತದೆ, ಒಳದಾರಿ ಇನ್ನೊಬ್ಬರ ಹೊಲದ ಕೆಳಗೆ ಹೋಗುತ್ತದೆ, ನೀರು ಮೂರನೆಯ ಊರಿನಲ್ಲಿ ಹೊರಬೀಳುತ್ತದೆ. ಮೇಲಿನ ಬಾಂದುಕಲ್ಲು ಕೆಳಗಿನ ಕತ್ತಲಿಗೆ ಇಳಿಯುವುದಿಲ್ಲ. ಒಬ್ಬರು ಬಾಗಿಲು ಮುಚ್ಚಿದರೂ ಇನ್ನೊಬ್ಬರು ತಮ್ಮ ಜಾಗದಲ್ಲಿ ಸಿಡಿಮದ್ದು ಇಟ್ಟರೆ ಒಡೆಯುವುದು ಇಬ್ಬರ ಗವಿಯೂ ಹೌದು.

ಹೆದ್ದಾರಿಯ ಕೆಲಸದಲ್ಲಿ ಇದನ್ನು ಕಣ್ಣಾರೆ ಕಂಡೆ. ಬಂಡೆ ಒಡೆಯುತ್ತಿದ್ದ ಕಡೆ ನೆಲ ಕುಸಿದು ಒಂದು ತೂತು ತೆರೆದುಕೊಂಡಿತು. ತಣ್ಣನೆಯ ಗಾಳಿ ಮೇಲಕ್ಕೆ ಬರುತ್ತಿತ್ತು. ಒಳಗೆ ಏನಿದೆ ಎಂದು ಒಂದು ದಿನ ನೋಡೋಣ ಎಂದು ನಾನು ಕೇಳಿಕೊಂಡೆ. ಗುತ್ತಿಗೆದಾರರ ಕಡೆಯವರು ಸಂಜೆಯೊಳಗೆ ಬಂಡೆ ತುಂಬಿ ಕಾಂಕ್ರೀಟು ಸುರಿದರು. ಆ ರಸ್ತೆಯ ಕೆಳಗೆ ಟೊಳ್ಳು ಎಷ್ಟು ಅಗಲ, ಎಷ್ಟು ಆಳ ಎಂಬುದು ಇಂದಿಗೂ ಯಾವ ನಕ್ಷೆಯಲ್ಲೂ ಇಲ್ಲ. ದಿನವೂ ಅದರ ಮೇಲೆ ಕಲ್ಲಿದ್ದಲು, ಸಿಮೆಂಟಿನ ಲಾರಿಗಳು ಓಡುತ್ತವೆ. ನನಗೆ ಈಗಲೂ ಸಂಕಟವಾಗುತ್ತದೆ.

ಅದೇ ಹೆದ್ದಾರಿಯ ಲುಮ್‌ಶ್ನೋಂಗ್ ಊರಿನ ಕೆಳಗೆ ಕ್ರೆಮ್ ಕೋತ್‌ಸತಿ–ಉಮ್‌ಲಾವನ್ ಎಂಬ 21 ಕಿಲೋಮೀಟರ್ ಮೀರಿದ ಗವಿಜಾಲವಿದೆ, ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಸೋಹ್ರಾ ಹತ್ತಿರದ ಮಾವ್‌ಮ್ಲುಹ್ ಗವಿಯ ಕಥೆ ಇನ್ನೂ ಮನಸ್ಸಿಗೆ ತಟ್ಟುತ್ತದೆ. ಆ ಗವಿಯ ನೆಲದಿಂದ ಹನಿಹನಿಯಾಗಿ ಮೇಲೆದ್ದ ಒಂದು ಸುಣ್ಣದ ಕಂಬವನ್ನು ವಿಜ್ಞಾನಿಗಳು ಸೀಳಿ ಓದಿದರು. ಪದರ ಪದರವಾಗಿ ಅದರಲ್ಲಿ ಹಳೆಯ ಮಳೆಗಳ ಲೆಕ್ಕವಿತ್ತು, ಸುಮಾರು 4,200 ವರ್ಷಗಳ ಹಿಂದೆ ಮಳೆ ಕೈಕೊಟ್ಟ ಕಾಲದ ಗುರುತೂ ಇತ್ತು. ಆ ಗುರುತಿನಿಂದ ಇಂದಿನವರೆಗಿನ ಕಾಲಕ್ಕೆ ಅಂತಾರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ 2018ರಲ್ಲಿ 'ಮೇಘಾಲಯನ್ ಯುಗ' ಎಂದು ಹೆಸರಿಟ್ಟಿತು. ನಾವು ಬದುಕಿರುವ ಭೂಯುಗದ ಹೆಸರು ಒಂದು ಗವಿಯ ಕಂಬದಿಂದ ಬಂತು, ಆ ಗವಿಯ ಹತ್ತಿರದಲ್ಲೇ ಸಿಮೆಂಟಿಗಾಗಿ ಸುಣ್ಣಕಲ್ಲು ಅಗೆದಿದ್ದಾರೆ. 2022ರಲ್ಲಿ ಅದೇ ಒಕ್ಕೂಟ ಜಗತ್ತಿನ ಮೊದಲ ನೂರು ಭೂಪರಂಪರೆಯ ತಾಣಗಳ ಪಟ್ಟಿಯಲ್ಲಿ ಮಾವ್‌ಮ್ಲುಹ್ ಗವಿಯನ್ನು ಸೇರಿಸಿತು. ಗವಿಯನ್ನು ಅಳೆದು, ಹೊಕ್ಕು ನೋಡಿದವರು ಇಲ್ಲದಿದ್ದರೆ ಆ ಕಂಬ ಸಿಮೆಂಟಿನ ಚೀಲದೊಳಗೆ ಹೋಗಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಊರು ಬಾಂಗ್ಲಾದೇಶದ ಗಡಿಯಂಚಿನ ಶೆಲ್ಲಾ ಸೀಮೆಯ ನೊಂಗ್‌ತ್ರೈ. ಅಲ್ಲಿನ ಗಣಿಯಿಂದ ಸುಣ್ಣಕಲ್ಲು 17 ಕಿಲೋಮೀಟರ್ ಉದ್ದದ ಬೆಲ್ಟಿನ ಮೇಲೆ ಗಡಿ ದಾಟಿ ಛಾತಕ್‌ನ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಅರಣ್ಯದ ಪ್ರಶ್ನೆ ಎದ್ದು 2010ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಗಣಿಯನ್ನು ನಿಲ್ಲಿಸಿತು, 2011ರ ಜುಲೈನಲ್ಲಿ ಷರತ್ತುಗಳೊಡನೆ ಮತ್ತೆ ಬಿಟ್ಟಿತು. ನೊಂಗ್‌ತ್ರೈಯ ದರ್ಬಾರು ಗಣಿಯ ಪರವಾಗಿಯೇ ನಿಂತಿತ್ತು. ಊರಿನ ಕೈಗೆ ಬೀಗದ ಕೈ ಕೊಟ್ಟರೆ ಎಲ್ಲವೂ ಉಳಿಯುತ್ತದೆ ಎನ್ನುವವರು ಇದನ್ನೂ ನೋಡಬೇಕು. ಊರಿಗೂ ಹೊಟ್ಟೆಯಿದೆ, ಮಕ್ಕಳಿದ್ದಾರೆ. ನಾನು ಅವರನ್ನು ದೂರಲಾರೆ.

ನೊಂಗ್‌ತ್ರೈ ಹೆಸರನ್ನು ನಾನು ಹಿಡಿದು ಹೇಳಲು ಬೇರೆ ಕಾರಣವಿದೆ. ನಮ್ಮ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಹತ್ತಿರ, ಬಾರಾಪೆಡೆ ಗವಿಗಳಿವೆ. ಅಲ್ಲಿ ಸಿಕ್ಕ ಒಂದು ಬಾವಲಿಯನ್ನು 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಜಾತಿಯೆಂದು ವರ್ಣಿಸಿ, ಅರಣ್ಯಾಧಿಕಾರಿಯಾಗಿದ್ದ ರಾಟನ್ ಹೆಸರಿಟ್ಟ. ಹಣೆಯ ಮೇಲೆ ಕೂಡಿಕೊಂಡು ಮುಂದಕ್ಕೆ ಚಾಚಿದ ದೊಡ್ಡ ಕಿವಿಗಳು, ಕಡುಕಂದು ಮೈ, ಕತ್ತಿನ ಹಿಂದೆ ಬೂದು ಪಟ್ಟೆ, ರೆಕ್ಕೆಯ ಪೊರೆಯಿಂದ ಹೊರಗೆ ಬಿಡಿಯಾಗಿ ನಿಲ್ಲುವ ಬಾಲ. ಸುಮಾರು ಒಂಬತ್ತು ದಶಕ ಆ ಬಾವಲಿಗೆ ಜಗತ್ತಿನಲ್ಲಿ ತಿಳಿದಿದ್ದ ಮನೆ ಬಾರಾಪೆಡೆ ಒಂದೇ. 2002ರಲ್ಲಿ ಪ್ರಕಟವಾದ ಒಂದು ವರದಿ ಅದು ಮೇಘಾಲಯದಲ್ಲೂ ಇದೆ ಎಂದು ತಿಳಿಸಿತು. ಸಿಕ್ಕಿದ್ದು ಇದೇ ನೊಂಗ್‌ತ್ರೈಯ ಒಂದು ಗವಿಯಲ್ಲಿ. ಆಮೇಲೆ ಜೈಂತಿಯಾ ಬೆಟ್ಟಗಳಲ್ಲೂ ಅದರ ನೆಲೆಗಳು ಕಂಡವು. ಎರಡು ಸಾವಿರ ಕಿಲೋಮೀಟರ್ ದೂರದ ಕತ್ತಲಲ್ಲಿ ನನ್ನ ಊರಿನ ಬಾವಲಿಯ ಒಕ್ಕಲು ಇದೆ ಎಂದು ತಿಳಿದ ದಿನ ಮನೆಗೆ ಫೋನು ಮಾಡಿ ಹೇಳಿದ್ದೆ.

ಬಾರಾಪೆಡೆಯ ಬಾಗಿಲು ಈಗ ಮುಚ್ಚಿದೆ. 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು, ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಆ ಬಾವಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ ಅದಕ್ಕೂ ಇದೆ. ನಮ್ಮ ಕಾಲದ ಹುಡುಗರಿಗೆ ಬಾವಲಿ ಗವಿಗಳಿಗೆ ಪಂಜು ಹಿಡಿದು ನುಗ್ಗಿ, ಕೂಗಿ, ಅವು ಹಾರುವುದನ್ನು ನೋಡುವುದು ಆಟವಾಗಿತ್ತು. ಮರಿ ಹೊತ್ತ ತಾಯಿಗಳು ಗಾಬರಿಯಲ್ಲಿ ಹಾರಿದರೆ ಮರಿ ಕೆಳಗೆ ಬೀಳುತ್ತದೆ, ಬಿದ್ದ ಮರಿ ಉಳಿಯುವುದಿಲ್ಲ. ಹಾಗಾಗಿ ಬಾರಾಪೆಡೆಯ ಬೀಗ ಸರಿಯಾದ ಬೀಗ. ಟ್ರೆಕ್ಕಿಂಗಿನವರು ಎಷ್ಟೇ ಬೇಸರ ಪಟ್ಟುಕೊಂಡರೂ ಅದು ತೆರೆಯಬಾರದು. ಎಣಿಸುವವರು ಹೊರಗೆ ಕುಳಿತು ಸಂಜೆ ಹೊರಬೀಳುವಾಗ ಎಣಿಸಲಿ.

ಎಲ್ಲ ಗವಿಗೂ ಇದೇ ಬೀಗ ಹಾಕಿ ಕೈತೊಳೆದುಕೊಳ್ಳೋಣ ಎನ್ನುವ ಮಾತು ಬಂದಾಗ ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ 2018. ಆ ವರ್ಷದ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಗೆ ಹೋದ 12 ಹುಡುಗರು ಮತ್ತು ಅವರ ಕೋಚ್ ನೆರೆಯಲ್ಲಿ ಸಿಕ್ಕಿಕೊಂಡರು. ಆ ಗವಿಯನ್ನು ವರ್ಷಗಳಿಂದ ಅಳೆದು ಬಲ್ಲ ಬ್ರಿಟಿಷ್ ಶೋಧಕನೊಬ್ಬ ಹತ್ತಿರದಲ್ಲೇ ವಾಸವಿದ್ದ. ನಕ್ಷೆ ಇತ್ತು. ಎಲ್ಲಿ ಎತ್ತರದ ದಿಬ್ಬವಿದೆ, ಹುಡುಗರು ಎಲ್ಲಿ ಏರಿ ಕುಳಿತಿರಬಹುದು ಎಂದು ಊಹಿಸಲು ಸಾಧ್ಯವಾಯಿತು. ನೀರು ಎತ್ತಲು ನೆರವಾದವರಲ್ಲಿ ಕಿರ್ಲೋಸ್ಕರ್ ಪಂಪಿನ ತಜ್ಞರೂ ಇದ್ದರು. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯೊಂದರಿಂದ ಶುರುವಾದ ಸಂಸ್ಥೆ ಅದು, ನಮ್ಮೂರಿನಲ್ಲಿ ಆಗ ಎಲ್ಲರ ಬಾಯಲ್ಲೂ ಅದೇ ಮಾತು. ಸಮನ್ ಕುನನ್ ಎಂಬ ಮುಳುಗುಗಾರ ಪ್ರಾಣ ಕೊಟ್ಟ. ಹದಿಮೂರೂ ಜನ ಬದುಕಿ ಬಂದರು.

ಅದೇ ವರ್ಷದ ಡಿಸೆಂಬರ್ 13ರಂದು ಪೂರ್ವ ಜೈಂತಿಯಾ ಬೆಟ್ಟಗಳ ಕ್ಸಾನ್ ಎಂಬಲ್ಲಿ, ಲಿತೇನ್ ನದಿಯ ಹತ್ತಿರದ ಇಲಿಬಿಲದಂಥ ಕಲ್ಲಿದ್ದಲು ಗಣಿಯೊಳಗೆ ನೀರು ನುಗ್ಗಿತು. 15 ಮಂದಿ ಒಳಗಿದ್ದರು. ಅಂಥ ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಏಪ್ರಿಲ್‌ನಲ್ಲೇ ನಿಷೇಧಿಸಿತ್ತು. ಕಾಗದದ ಮೇಲೆ ಬಾಗಿಲು ಮುಚ್ಚಿತ್ತು, ನೆಲದ ಮೇಲೆ ತೆರೆದಿತ್ತು. ಕದ್ದು ಅಗೆದ ಗಣಿಗೆ ನಕ್ಷೆ ಎಲ್ಲಿಂದ ಬರಬೇಕು? ಸುಮಾರು 370 ಅಡಿ ಆಳದ ಬಾವಿಯ ತಳದಿಂದ ಯಾವ ಬಿಲ ಯಾವ ದಿಕ್ಕಿಗೆ ಹೋಗುತ್ತದೆ, ನೀರು ಯಾವ ಹಳೆಯ ಗಣಿಯಿಂದ ಬರುತ್ತಿದೆ ಎಂದು ಹೇಳುವ ಒಂದು ಹಾಳೆಯೂ ಇರಲಿಲ್ಲ. ನೌಕಾಪಡೆಯ ಮುಳುಗುಗಾರರು ಬಂದರು, ಕೋಲ್ ಇಂಡಿಯಾ ಬಂತು, ಕಿರ್ಲೋಸ್ಕರ್ ಪಂಪುಗಳು ಅಲ್ಲಿಗೂ ಬಂದವು. ಎತ್ತಿದ ನೀರು ಮತ್ತೆ ತುಂಬಿಕೊಂಡಿತು. ವಾರಗಳ ನಂತರ ಯಂತ್ರದ ಕಣ್ಣಿಗೆ ಕಂಡ ಎರಡು ಶವಗಳನ್ನು ಮಾತ್ರ ಮೇಲೆ ತಂದರು. ಉಳಿದವರ ಮನೆಗಳಿಗೆ ತಮ್ಮವರ ದೇಹವೂ ಸಿಗಲಿಲ್ಲ.

ಗವಿಯನ್ನು ನೀರು ಕೊರೆಯುತ್ತದೆ, ಗಣಿಯನ್ನು ಬಡವರ ಕೈ ಕೊರೆಯುತ್ತದೆ. ಎರಡನ್ನೂ ಒಂದೇ ಎನ್ನಲಾಗದು. ಆದರೂ ಅದೇ ಬೆಟ್ಟದ ಸಾವಿರಾರು ಮೀಟರ್ ಕತ್ತಲನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಬರೆದಿಟ್ಟ ಜನರಿರುವ ಜಿಲ್ಲೆಯಲ್ಲಿ, ಹೊಟ್ಟೆಪಾಡಿಗೆ ಒಳಗಿಳಿದವರ ಬಿಲಕ್ಕೆ ಒಂದು ಗೆರೆಯೂ ಇರಲಿಲ್ಲವಲ್ಲ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ನಿಷೇಧ ಎಂಬ ಬೀಗವನ್ನು ಹಾಕುವವರು ಒಳಗೆ ಏನಿದೆ ಎಂದು ಒಮ್ಮೆ ನೋಡಿಯೇ ಹಾಕಬೇಕು. ನೋಡದೆ ಹಾಕಿದರೆ ಸಂಭಾವಿತರು ಹೊರಗೆ ಉಳಿಯುತ್ತಾರೆ, ಗತಿಯಿಲ್ಲದವರು ಒಳಗೆ ಇಳಿಯುತ್ತಲೇ ಇರುತ್ತಾರೆ.

ನೋಡಿದ್ದರಿಂದ ಏನು ಸಿಕ್ಕಿದೆ ಎಂಬುದಕ್ಕೆ ಇತ್ತೀಚಿನ ಒಂದು ಉದಾಹರಣೆ ಸಾಕು. ಜೈಂತಿಯಾ ಬೆಟ್ಟಗಳ ಕ್ರೆಮ್ ಉಮ್ ಲಾಡಾವ್‌ನ ಆಳದ ಕೊಳಗಳಲ್ಲಿ ಕಣ್ಣಿಲ್ಲದ, ಬಣ್ಣವಿಲ್ಲದ, ಮೊಣಕೈಯಷ್ಟು ಉದ್ದದ ಮೀನುಗಳಿವೆ ಎಂದು 2019ರಲ್ಲಿ ವರದಿಯಾಯಿತು. ಗವಿಯ ಮೀನುಗಳಲ್ಲಿ ಜಗತ್ತಿನಲ್ಲೇ ಅವು ದೊಡ್ಡವು. 2023ರಲ್ಲಿ ಆ ಜಾತಿಗೆ ಜೈಂತಿಯಾದ ಪ್ನಾರ್ ಜನರ ಹೆಸರನ್ನೇ ಇಟ್ಟರು. ಆ ಗವಿಯ ನೀರು ಯಾವ ದಿಣ್ಣೆಯಿಂದ ಇಳಿದು ಬರುತ್ತದೋ ಅಲ್ಲಿ ಕಲ್ಲಿದ್ದಲಿನ ಹುಳಿ ನೀರು ಸೇರಿದರೆ ಆ ಮೀನಿನ ವಂಶ ಅಲ್ಲಿಗೆ ಮುಗಿಯಿತು. ಹತ್ತಿರದ ಲೂಖಾ ನದಿ ಚಳಿಗಾಲದಲ್ಲಿ ನೀಲಿಗಟ್ಟಿ ಮೀನು ಸತ್ತದ್ದನ್ನು ಅಲ್ಲಿನವರು ಕಂಡಿದ್ದಾರೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು, ಸರ್ವೇಯರನದು. ಅಳೆದ ಪ್ರತಿ ಗವಿಯ ನಕ್ಷೆಯ ಒಂದು ಪ್ರತಿ ಆ ಊರಿನ ದರ್ಬಾರಿನ ಪೆಟ್ಟಿಗೆಯಲ್ಲಿ ಇರಲಿ, ಅವರ ಭಾಷೆಯಲ್ಲಿ ಹೆಸರು ಬರೆದು, ಯಾರ ನೆಲದ ಕೆಳಗೆ ಯಾವ ದಾರಿ ಹೋಗುತ್ತದೆ ಎಂದು ತೋರಿಸಿ. ಇನ್ನೊಂದು ಪ್ರತಿ ಜಿಲ್ಲೆಯ ವಿಪತ್ತು ನಿರ್ವಹಣಾ ಕಚೇರಿಯಲ್ಲಿ ಇರಲಿ. ಬಾವಲಿ ಮರಿ ಹಾಕುವ ಗವಿಗಳ ಬಾಯಿ ಎಲ್ಲಿದೆ ಎಂಬುದನ್ನು ಮಾತ್ರ ಹೊರಗಿನವರಿಗೆ ಕೊಡುವ ಪ್ರತಿಯಿಂದ ತೆಗೆದುಹಾಕಬಹುದು. ಚಾವಣಿಯಲ್ಲಿ ಸಿಕ್ಕ ಬಿದಿರಿನ ಎತ್ತರಕ್ಕೆ ಎಲ್ಲ ನಕ್ಷೆಯಲ್ಲೂ ಒಂದು ಕೆಂಪು ಗೆರೆ ಎಳೆಯಬೇಕು. ಸುಣ್ಣಕಲ್ಲಿನ ಗಣಿಗೆ ಗುತ್ತಿಗೆ ಕೊಡುವ ಕಚೇರಿಯ ಮೇಜಿನ ಮೇಲೂ ಅದೇ ನಕ್ಷೆ ಹಾಸಿರಲಿ. ಭೀಮಗಡದಲ್ಲೂ ಮುಚ್ಚಿದ ಬಾಗಿಲ ಹಿಂದೆ ಏನಿದೆ ಎಂದು ಅರಣ್ಯ ಇಲಾಖೆ ಬಾವಲಿ ಬಲ್ಲವರನ್ನು ಜೊತೆಗಿಟ್ಟುಕೊಂಡು, ಮರಿ ಇಲ್ಲದ ತಿಂಗಳು ನೋಡಿ, ಒಮ್ಮೆ ಸರಿಯಾಗಿ ಅಳೆಸಿ ದಾಖಲಿಸಲಿ. ಟೇಪು ಹಿಡಿಯಲು ಆಳು ಬೇಕಾದರೆ ನಾನು ಬರುತ್ತೇನೆ.